ಬೂಷ್ಟಿನ ಅಲರ್ಜನ್ ಪ್ರೋಟೀನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡಿನ ಬದಿಯಡ್ಕ ಕಡೆಯವ, ಅಡಿಕೆ ತೋಟದ ಮನೆ, ಈಗ ಕೆಲಸ ಪ್ರೋಟೀನ್ ಮಾಡುವ ಲ್ಯಾಬಲ್ಲಿ. ಎಂತ ಕೆಲಸ ಅಂತ ಕೇಳಿದವರಿಗೆ "ಬೂಷ್ಟಿನ ಅಲರ್ಜನ್", ಅಂದ್ರೆ ಅಲರ್ಜಿ ತರುವ ಬೂಷ್ಟಿನ ಪ್ರೋಟೀನ್, ಹೇಳಿದ್ರೆ ಸಾಕು, ಅಲ್ಲಿಂದ ಪ್ರಶ್ನೆ ಶುರು. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದು, ಬಸ್ಸಲ್ಲಿ ಕೇಳಿದ್ದು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ಮಕ್ಕಳು ಮೆಸೇಜ್ ಹಾಕಿ ಕೇಳಿದ್ದು, ಕನ್ನಡ ಮೀಡಿಯಂ ಹೈಸ್ಕೂಲಿನ ಮಾಷ್ಟ್ರೊಬ್ಬರು ಕಾಗದ ಬರೆದು ಕೇಳಿದ್ದು, ಎಲ್ಲಾ ಒಟ್ಟು ಮಾಡಿ ಇಲ್ಲಿ ಇಟ್ಟಿದ್ದೇನೆ. ಕೇಳಿದವರ ಮಾತನ್ನೇ ಹಾಗೇ ಹಾಕಿದ್ದೇನೆ.

## ಮೊದಲಿಗೆ ಮನೆಯವರು ಕೇಳುವಂಥದ್ದು

"ಅಡಿಕೆ ಸುಲಿಯುವಾಗ ದೂಳು ಹೋಗಿ ಕೆಮ್ಮು ಬರ್ತದಲ್ಲ, ನೀವು ಮಾಡುವುದು ಅದರದ್ದೇನಾ?"

ಅರ್ಧ ಹೌದು, ಅರ್ಧ ಅಲ್ಲ. ಆ ದೂಳಲ್ಲಿ ಸಿಪ್ಪೆಯ ನಾರು ಉಂಟು, ಮಣ್ಣುಂಟು, ಬೂಷ್ಟಿನ ಬೀಜಕಣಗಳೂ ಉಂಟು. ದೂಳು ಹೋದ ಕೂಡ್ಲೆ ಕೆಮ್ಮಿದ್ರೆ ಅದು ಅಲರ್ಜಿ ಅಂತಲೇ ಅಲ್ಲ, ಗಂಟಲು ಕೆರೆದ್ರೆ ಯಾರಾದ್ರೂ ಕೆಮ್ತಾರೆ. ಅಲರ್ಜಿ ಹೇಳುವುದು ಬೇರೆ ಸಂಗತಿ, ದೇಹ ಆ ಬೂಷ್ಟಿನ ಒಂದು ಪ್ರೋಟೀನನ್ನ ಶತ್ರು ಅಂತ ನೆನಪಿಟ್ಟುಕೊಂಡು ಅದರ ವಿರುದ್ಧ ಐಜಿಇ ಅನ್ನುವ ಆಂಟಿಬಾಡಿ ಮಾಡಿ ಇಟ್ಟಿರ್ತದೆ, ಮತ್ತೆ ಅದೇ ಪ್ರೋಟೀನ್ ಬಂದಾಗ ಮೂಗಲ್ಲಿ ನೀರು, ಸೀನು, ದಮ್ಮು. ಐಜಿಇ ಇದೆ ಅಂತ ಪತ್ತೆಯಾದದ್ದೇ 1966-67ರಲ್ಲಿ, ಇಶಿಝಾಕ ದಂಪತಿ ಒಂದು ಕಡೆ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಚ್ ಇನ್ನೊಂದು ಕಡೆ.

ನಮ್ಮ ಕಡೆ ಹೆಸರು ಹೇಳಬೇಕಾದ ಬೂಷ್ಟು ಆಸ್ಪರ್ಜಿಲಸ್ ಫ್ಯೂಮಿಗೇಟಸ್. ಅದರ ಬೀಜಕಣ 2ರಿಂದ 3 ಮೈಕ್ರಾನ್ ಮಾತ್ರ, ಸೀದಾ ಶ್ವಾಸಕೋಶದ ಒಳಗೆ ಇಳೀತದೆ, ಮತ್ತೆ ಅದಕ್ಕೆ ಬಿಸಿ ಅಂದ್ರೆ ಖುಷಿ, 37 ಡಿಗ್ರಿಯಲ್ಲಿ ಅಂದ್ರೆ ಮೈಯ ಬಿಸಿಯಲ್ಲೇ ಆರಾಮಾಗಿ ಬೆಳೀತದೆ, 50 ಡಿಗ್ರಿಯಲ್ಲೂ ಸಾಯುದಿಲ್ಲ. ಗೊಬ್ಬರದ ಗುಂಡಿ, ಹಟ್ಟಿ ಪಕ್ಕದ ಸೊಪ್ಪಿನ ರಾಶಿ, ಮಳೆಗಾಲದಲ್ಲಿ ಒಣಗದೇ ಉಳಿದ ಅಡಿಕೆ ಸಿಪ್ಪೆ, ಇದೆಲ್ಲಾ ಅದರ ತವರುಮನೆ.

ಬೈಹುಲ್ಲು ಎಳೆದ ಮೇಲೆ ಸಂಜೆ ಹೊತ್ತಿಗೆ ಜ್ವರ, ಮೈಕೈ ನೋವು, ಉಸಿರುಕಟ್ಟು ಬರುವುದುಂಟಲ್ಲ, ಅದು ಇನ್ನೊಂದು ಜಾತಿ. ಅದಕ್ಕೆ ಫಾರ್ಮರ್ಸ್ ಲಂಗ್ ಅಂತಾರೆ, ಅಲ್ಲಿ ಐಜಿಇ ಅಲ್ಲ ಮುಖ್ಯ, ಕಾರಣವೂ ಹೆಚ್ಚಿನ ಸಲ ಬೂಷ್ಟಲ್ಲ, ಬಿಸಿಯಲ್ಲಿ ಬೆಳೆಯುವ ಒಂದು ಥರದ ಬ್ಯಾಕ್ಟೀರಿಯಾ. ನಾನು ಮಾಡುವ ಟ್ಯೂಬಿನ ಪ್ರೋಟೀನು ಅದಕ್ಕೆ ಉಪಯೋಗ ಇಲ್ಲ.

"ಕೊಳೆರೋಗದ ಬೂಷ್ಟಿಂದ ಅಲರ್ಜಿ ಬರ್ತದಾ?"

ಆಟಿ ತಿಂಗಳಲ್ಲಿ ಬೋರ್ಡೋ ಮದ್ದು ಬಿಡುವವರೆಲ್ಲಾ ಕೇಳುವ ಪ್ರಶ್ನೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ನೋಡ್ಲಿಕ್ಕೆ ಬೂಷ್ಟಿನ ಹಾಗೆ ಇದ್ರೂ ಅಸಲಿಗೆ ಶಿಲೀಂಧ್ರವೇ ಅಲ್ಲ, ಪಾಚಿಯ ಸಂಬಂಧಿಕರ ಪೈಕಿ. ಈ ಬರಹಕ್ಕೆ ಅದು ಸೇರುದಿಲ್ಲ. ಅದೇ ಕೊಳೆತ ಅಡಿಕೆಯನ್ನ ರಾಶಿ ಹಾಕಿ ಬಿಟ್ರೆ ಅದರ ಮೇಲೆ ಬೇರೆ ಅಸಲಿ ಬೂಷ್ಟು ಬರ್ತದೆ, ಅದು ಸೇರ್ತದೆ.

"ಬೂಷ್ಟಿಗೆ ಅಲರ್ಜಿ ಉಂಟಾ ನೋಡ್ಲಿಕ್ಕೆ ಬೂಷ್ಟನ್ನೇ ಅರೆದು ನೋಡಿದ್ರೆ ಸಾಲದಾ, ಈ ರಿಕಾಂಬಿನೆಂಟ್ ಯಾಕೆ?"

ಒಳ್ಳೆ ಪ್ರಶ್ನೆ, ಎಷ್ಟೋ ವರ್ಷ ಹಾಗೇ ಮಾಡಿದ್ದು, ಈಗಲೂ ಸ್ಕಿನ್ ಟೆಸ್ಟಿಗೆ ಅರೆದ ಸಾರವೇ ಹೋಗುವುದು. ತೊಂದರೆ ಎಂತ ಹೇಳಿದ್ರೆ ಬೂಷ್ಟು ನಿಮ್ಮ ಅತ್ತೆಯ ಸಾಂಬಾರಿನ ಹಾಗೆ, ದಿನಾ ಒಂದೇ ರುಚಿ ಇರುದಿಲ್ಲ. ಯಾವ ತಳಿ, ಎಂತ ಊಟ ಹಾಕಿ ಬೆಳೆಸಿದ್ದು, ಎಷ್ಟು ದಿನ ಬಿಟ್ಟದ್ದು, ಬೀಜಕಣ ಅರೆದದ್ದಾ ಬೂಷ್ಟು ಹಬ್ಬುವ ನೂಲು ಅರೆದದ್ದಾ, ಪ್ರತಿಯೊಂದಕ್ಕೂ ಒಳಗಿನ ಪ್ರೋಟೀನ್ ಲೆಕ್ಕ ಬದಲಾಗ್ತದೆ. ಆಸ್ಪ್ ಎಫ್ 1 ಅನ್ನುವ ಪ್ರೋಟೀನನ್ನೇ ತೆಗೊಳ್ಳಿ, ಮೊಳಕೆ ಒಡೆಯದ ಬೀಜಕಣದಿಂದ ಅದು ಹೆಚ್ಚು ಸಿಗುದಿಲ್ಲ, ಬೂಷ್ಟು ಮೊಳೆತು ಬೆಳೆಯುವಾಗ ಹೊರಗೆ ಬಿಡುವುದು. ಬೀಜಕಣ ಮಾತ್ರ ಅರೆದವನಿಗೆ ಅದು ಇಲ್ಲವೇ ಇಲ್ಲ ಅನ್ನಿಸ್ತದೆ. ಇನ್ನೊಂದು ರಗಳೆ, ಬೂಷ್ಟಿನ ಒಳಗೆ ಪ್ರೋಟೀನ್ ಕತ್ತರಿಸುವ ಎಂಜೈಮುಗಳು ತುಂಬ, ಶೀಶೆಯಲ್ಲಿ ಇಟ್ಟಲ್ಲೇ ತನ್ನ ಪ್ರೋಟೀನನ್ನ ತಾನೇ ತಿಂತದೆ, ಪರಾಗದ ಸಾರದ ಜೊತೆ ಕಲಸಿ ಇಟ್ರೆ ಅದನ್ನೂ ತಿಂತದೆ.

ರಿಕಾಂಬಿನೆಂಟ್ ಅಂದ್ರೆ ಆ ಗಲಾಟೆಯಿಂದ ಒಂದೇ ಒಂದು ಪ್ರೋಟೀನಿನ ಜೀನನ್ನ ಎತ್ತಿ ಬೇರೆ ಜೀವಿಗೆ, ಹೆಚ್ಚಾಗಿ ಇ. ಕೋಲೈ ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಹಾಕಿ, ಅದರಿಂದ ಆ ಪ್ರೋಟೀನ್ ಮಾತ್ರ ಮಾಡಿಸಿ, ತೊಳೆದು ಶುದ್ಧ ಮಾಡಿ ತೆಗೆಯುವುದು. ಆಗ ಈ ರೋಗಿಯ ಐಜಿಇ ಯಾವುದಕ್ಕೆ ಅಂಟಿತು ಅಂತ ಬೆರಳಿಟ್ಟು ಹೇಳ್ಬಹುದು.

"ಆಸ್ಪ್ ಎಫ್ 1, ಆಲ್ಟ್ ಎ 1, ಇದೆಂತ ಕೋಡ್ ಭಾಷೆ?"

ಸುಲಭ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇಮ್ಯುನಾಲಜಿ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ ಸೇರಿ ಒಂದು ನಾಮಕರಣ ಕಮಿಟಿ ಇಟ್ಟಿವೆ. ಕುಲದ ಹೆಸರಿನ ಮೊದಲ ಮೂರೋ ನಾಲ್ಕೋ ಅಕ್ಷರ, ಜಾತಿಯ ಹೆಸರಿನ ಒಂದೋ ಎರಡೋ ಅಕ್ಷರ, ಮತ್ತೆ ನಂಬ್ರ. ಆಸ್ಪರ್ಜಿಲಸ್ ಫ್ಯೂಮಿಗೇಟಸ್ಸಿನ ಒಂದನೆಯದು ಆಸ್ಪ್ ಎಫ್ 1, ಆಲ್ಟರ್ನೇರಿಯಾ ಆಲ್ಟರ್ನೇಟಾ ಅನ್ನುವ ಇನ್ನೊಂದು ಬೂಷ್ಟಿನದ್ದು ಆಲ್ಟ್ ಎ 1, ಮೈಚರ್ಮದಲ್ಲಿರುವ ಮಲಸೇಸಿಯಾದ್ದು ಮಾಲಾ ಎಸ್. ಹೆಸರಿನ ಮೊದಲಿಗೆ ಸಣ್ಣ "ಆರ್" ಇದ್ರೆ ರಿಕಾಂಬಿನೆಂಟ್, "ಎನ್" ಇದ್ರೆ ಬೂಷ್ಟಿಂದಲೇ ತೆಗೆದದ್ದು. ನಂಬ್ರ ದೊಡ್ಡದಾದ್ರೆ ಅಲರ್ಜಿ ಜೋರು ಅಂತ ಅಲ್ಲ, ಒಬ್ಬರು ಹಾಗೇ ತಿಳ್ಕೊಂಡು 6ನೆಯದನ್ನ ಬಿಟ್ಟು 22ನೆಯದನ್ನ ಆರ್ಡರ್ ಮಾಡಿದ್ದರು.

## ಲ್ಯಾಬಿಗೆ ಹೊಸತಾಗಿ ಬಂದವರು ಕೇಳುವಂಥದ್ದು

"ಇಷ್ಟೆಲ್ಲಾ ಇವೆ, ಇದರಲ್ಲಿ ಯಾವುದು ತರಿಸುವುದು ಸರ್?"

ನಿಮ್ಮ ಪ್ರಶ್ನೆ ಎಂತ ಅಂತ ನೋಡ್ಬೇಕು. ದಮ್ಮಿನವರಲ್ಲಿ ಆಸ್ಪರ್ಜಿಲಸ್ ನೋಡುವುದಾದ್ರೆ ಐದು ಸಾಕು: ಆಸ್ಪ್ ಎಫ್ 1, 2, 3, 4, 6. ಒಂದನೆಯದು 18 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ತೂಗುವ ಒಂದು ವಿಷ, ಅದರ ಕತೆ ಕೆಳಗೆ ಹೇಳ್ತೇನೆ. ಎರಡನೆಯದು 37ರ ಆಸುಪಾಸು. ಮೂರನೆಯದು ಪೆರಾಕ್ಸಿರೆಡಾಕ್ಸಿನ್ ಅನ್ನುವ ಎಂಜೈಮುಗಳ ಕುಟುಂಬದ್ದು, 19 ಕಿಲೋಡಾಲ್ಟನ್. ಆರನೆಯದು ಮ್ಯಾಂಗನೀಸ್ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಅನ್ನುವ ಎಂಜೈಮ್. ಇವುಗಳಲ್ಲಿ ಹೆಚ್ಚಿನದ್ದನ್ನ ಬೇಟೆಯಾಡಿ ತೆಗೆದದ್ದು ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ರೆಟೊ ಕ್ರಮೇರಿಯವರ ತಂಡ, ಬ್ಯಾಕ್ಟೀರಿಯಾಕ್ಕೆ ತಗಲುವ ಫೇಜ್ ವೈರಸ್ಸಿನ ಮೈಮೇಲೆ ಬೂಷ್ಟಿನ ಪ್ರೋಟೀನ್ ತೋರಿಸಿ ರೋಗಿಯ ಐಜಿಇಯಿಂದಲೇ ಗಾಳ ಹಾಕಿ ಹಿಡಿದದ್ದು.

4 ಮತ್ತು 6 ಯಾಕೆ ಬೇಕು ಹೇಳಿದ್ರೆ, ಎಬಿಪಿಎ ಅನ್ನುವ, ಆಸ್ಪರ್ಜಿಲಸ್ ಅಲರ್ಜಿಯಿಂದ ಶ್ವಾಸಕೋಶ ಹಾಳಾಗುವ ರೋಗದವರಲ್ಲಿ ಇವಕ್ಕೆ ಐಜಿಇ ಹೆಚ್ಚು ಕಾಣ್ತದೆ, ಬರೀ ದಮ್ಮಿದ್ದು ಆಸ್ಪರ್ಜಿಲಸ್ ಅಲರ್ಜಿ ಮಾತ್ರ ಇರುವವರಲ್ಲಿ ಕಡಿಮೆ. 1 ಮತ್ತು 3 ಇಬ್ಬರಲ್ಲೂ ಕಾಣ್ತವೆ. ಎಬಿಪಿಎಯನ್ನ ಮೊದಲು ವಿವರಿಸಿದ್ದು 1952ರಲ್ಲಿ ಇಂಗ್ಲೆಂಡಿನಲ್ಲಿ. ನಮ್ಮ ದೇಶದಲ್ಲಿ ಇದನ್ನ ಟಿಬಿ ಅಂತ ತಿಳ್ಕೊಂಡು ತಿಂಗಳುಗಟ್ಟಲೆ ಮಾತ್ರೆ ತಿಂದವರು ಎಷ್ಟೋ ಜನ, ಎಕ್ಸ್‌ರೇಯಲ್ಲಿ ಕಲೆ, ಕೆಮ್ಮು, ಕೆಲವೊಮ್ಮೆ ರಕ್ತ, ಎಲ್ಲಾ ಒಂದೇ ಥರ ಕಾಣ್ತದೆ. 2024ರ ಪರಿಷ್ಕೃತ ಮಾರ್ಗಸೂಚಿ ಪ್ರಕಾರ ಎಬಿಪಿಎ ಅನ್ನಬೇಕಾದ್ರೆ ಆಸ್ಪರ್ಜಿಲಸ್ ಐಜಿಇ 0.35 ಯುನಿಟ್ ಮುಟ್ಟಬೇಕು, ಒಟ್ಟು ಐಜಿಇ 500 ಮುಟ್ಟಬೇಕು, ಮೊದಲು ಈ ಎರಡನೆಯದು 1000 ಇತ್ತು.

ಆಲ್ಟರ್ನೇರಿಯಾ ಆದ್ರೆ ತಲೆನೋವೇ ಇಲ್ಲ, ಆಲ್ಟ್ ಎ 1 ಒಂದೇ ತರಿಸಿ. ಆ ಬೂಷ್ಟಿಗೆ ಅಲರ್ಜಿ ಇರುವ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಅದಕ್ಕೇ ಪಾಸಿಟಿವ್ ಬರ್ತಾರೆ.

"ಇ. ಕೋಲೈಯಲ್ಲಿ ಮಾಡಿದ್ದು ಕಮ್ಮಿ ರೇಟು, ಪಿಚಿಯಾ ಯೀಸ್ಟಿನದ್ದು ಜಾಸ್ತಿ. ಎರಡೂ ಒಂದೇ ಅಲ್ವಾ?"

ಒಂದೇ ಅಲ್ಲ. ಜೀನ್ ಒಂದೇ, ಅಮೈನೊ ಆಮ್ಲದ ಸಾಲೂ ಒಂದೇ, ಆದ್ರೆ ಮಡಚಿಕೊಳ್ಳುವುದು ಒಂದೇ ಥರ ಆಗ್ಬೇಕಂತ ಇಲ್ಲ, ರೋಗಿಯ ಐಜಿಇ ಹೆಚ್ಚಾಗಿ ನೋಡುವುದು ಆ ಮಡಿಕೆಯನ್ನೇ.

ಆಲ್ಟ್ ಎ 1 ಇದಕ್ಕೆ ಒಳ್ಳೆ ಉದಾಹರಣೆ. ಸಹಜದಲ್ಲಿ ಅದು ಜೋಡಿ, ಎರಡು ತುಂಡು ಸೇರಿ 30 ಕಿಲೋಡಾಲ್ಟನ್, ಪ್ರತಿ ತುಂಡಿನ ಒಳಗೆ ಎರಡೆರಡು ಗಂಧಕದ ಸೇತುವೆ, ತುಂಡಿಗೆ ತುಂಡು ಕಟ್ಟಿದ ಇನ್ನೊಂದು ಸೇತುವೆ. ಇ. ಕೋಲೈಯ ಒಳಗಿನ ವಾತಾವರಣದಲ್ಲಿ ಈ ಸೇತುವೆ ಕಟ್ಟಿಕೊಳ್ಳುದಿಲ್ಲ, ಪ್ರೋಟೀನ್ ಮುದ್ದೆಯಾಗಿ ಬೀಳ್ತದೆ, ಅದನ್ನ ಯೂರಿಯಾದಲ್ಲಿ ಕರಗಿಸಿ ಮೆಲ್ಲ ಮೆಲ್ಲ ಪುನಃ ಮಡಚಬೇಕು, ಇಲ್ಲದಿದ್ರೆ ಸೇತುವೆ ಕಟ್ಟುವ ಹಾಗೆ ತಿದ್ದಿದ ತಳಿ ತೆಗೊಳ್ಬೇಕು. ಪಿಚಿಯಾ ಅನ್ನುವ ಯೀಸ್ಟಿಗೆ ಮೆಥನಾಲ್ ಕೊಟ್ರೆ ಪ್ರೋಟೀನನ್ನ ಸರಿ ಮಡಚಿ ಹೊರಗೆ ನೀರಿಗೇ ಬಿಡ್ತದೆ. ಆದ್ರೆ ಅದರ ಕೆಟ್ಟ ಗುಣ, ಸಕ್ಕರೆ ಹಚ್ಚುವುದು, ಮ್ಯಾನೋಸ್ ಸಕ್ಕರೆಯ ಕೊಂಬೆ ಅಸಲಿಗಿಂತ ದಪ್ಪ ಆಗ್ತದೆ, ಪ್ರೋಟೀನನ್ನ ತೂಕದ ಪ್ರಕಾರ ಬೇರೆ ಮಾಡಿ ತೋರಿಸುವ ಜೆಲ್ಲಿನಲ್ಲಿ ಬ್ಯಾಂಡ್ (ಪ್ರೋಟೀನಿನ ಗೆರೆ) ಉದ್ದಕ್ಕೆ ಉಜ್ಜಿದ ಹಾಗೆ ಕಾಣ್ತದೆ.

ಹಾಗಾಗಿ ನನ್ನ ಅಭ್ಯಾಸ: ಸೇತುವೆ ಇಲ್ಲದ, ಸಕ್ಕರೆ ಬೇಡದ, ಎನೊಲೇಸ್ ಎಂಜೈಮಿನಂಥ ಕೋಶದ ಒಳಗಿನ ಪ್ರೋಟೀನಿಗೆ ಇ. ಕೋಲೈ ಧಾರಾಳ ಸಾಕು, ಬೂಷ್ಟು ಹೊರಗೆ ಬಿಡುವ ಸೇತುವೆಯ ಪ್ರೋಟೀನಿಗೆ ಯೀಸ್ಟ್. ರೇಟು ನೋಡಿ ಅಲ್ಲ.

"ಆಸ್ಪ್ ಎಫ್ 1 ವಿಷ ಅಂತಾರೆ, ಕೈಯಲ್ಲಿ ಮುಟ್ಟಬಹುದಾ?"

ವಿಷ ಹೌದು. ಅದು ರೈಬೊಟಾಕ್ಸಿನ್, ಜೀವಕೋಶದಲ್ಲಿ ಪ್ರೋಟೀನ್ ಮಾಡುವ ರೈಬೊಸೋಮಿನ ಆರ್‌ಎನ್‌ಎಯನ್ನ ಒಂದೇ ಒಂದು ಜಾಗದಲ್ಲಿ ಕತ್ತರಿಸ್ತದೆ, ಅಷ್ಟಕ್ಕೇ ಇಡೀ ಯಂತ್ರ ನಿಲ್ತದೆ. ಮೈಕ್ರೋಗ್ರಾಂ ಲೆಕ್ಕದ ದ್ರಾವಣ, ಗ್ಲೌಸ್ ಹಾಕಿ ಕೆಲಸ ಮಾಡಿದ್ರೆ ಹೆದರಿಕೆ ಬೇಡ, ಪುಡಿ ರೂಪದ್ದನ್ನ ಮಾತ್ರ ಫ್ಯಾನಿನ ಅಡಿಯಲ್ಲಿ ಬಿಚ್ಚಬೇಡಿ. ದಮ್ಮಿರುವವರು ಯಾವ ಅಲರ್ಜನ್ ಪುಡಿಯನ್ನೂ ಬಿಚ್ಚದಿರುವುದೇ ಒಳ್ಳೇದು. ಹೆಚ್ಚು ಜನ ಎಡವುವುದು ಬೇರೆ ಕಡೆ: ಜೀವಕೋಶಕ್ಕೆ ಇದನ್ನ ಹಾಕಿ "ನೋಡಿ ಅಲರ್ಜಿಯಿಂದ ಕೋಶ ಸತ್ತಿತು" ಅಂತ ಬರೆಯುವುದು. ಅಲರ್ಜಿಯಿಂದ ಅಲ್ಲ ಮಾರಾಯ, ವಿಷದಿಂದ ಸತ್ತದ್ದು. ಕತ್ತರಿಸುವ ಗುಣ ತೆಗೆದ ತಿದ್ದಿದ ರೂಪವನ್ನ ಪಕ್ಕದಲ್ಲಿ ಇಟ್ಟು ನೋಡದೆ ಅಲ್ಲಿ ಎಂತದೂ ಹೇಳ್ಲಿಕ್ಕಾಗುದಿಲ್ಲ.

"ನೂರು ಮೈಕ್ರೋಗ್ರಾಂ ಹೇಳಿದ್ರೆ ಕಣ್ಣಿಗೇ ಕಾಣುದಿಲ್ಲ, ಅದರಲ್ಲಿ ಎಂತ ಮಾಡ್ಲಿಕ್ಕಾಗ್ತದೆ?"

ಬೇಕಾದಷ್ಟು ಆಗ್ತದೆ. ರಕ್ತದ ಐಜಿಇ ಪ್ರೋಟೀನಿಗೆ ಅಂಟ್ತದಾ ನೋಡುವ ಎಲೈಸಾ ಪ್ಲೇಟಿನಲ್ಲಿ 96 ಗುಂಡಿ, ಒಂದಕ್ಕೆ 100 ಮೈಕ್ರೋಲೀಟರ್, ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಲೆಕ್ಕದಲ್ಲಿ ಹಾಕಿದ್ರೆ ಒಂದು ಪ್ಲೇಟಿಗೆ 19.2 ಮೈಕ್ರೋಗ್ರಾಂ, ಅಂದ್ರೆ ನೂರರಲ್ಲಿ ಐದು ಪ್ಲೇಟ್. ಆದ್ರೆ ಆರ್ಡರ್ ಮಾಡುವ ಮೊದಲು ಒಂದು ಕೇಳಿ, ಬಿಎಸ್‌ಎ (ದನದ ಆಲ್ಬುಮಿನ್) ಸೇರಿಸಿದ್ದಾ ಇಲ್ವಾ ಅಂತ. ಸ್ವಲ್ಪ ಪ್ರೋಟೀನ್ ಶೀಶೆಗೆ ಅಂಟಿ ಹೋಗದಿರ್ಲಿ ಅಂತ ಕೆಲವರು ಅದನ್ನ ಧಾರಾಳ ಸೇರಿಸಿ ಕಳಿಸ್ತಾರೆ. ಅಂಥದ್ದನ್ನ ಪ್ಲೇಟಿಗೆ ಹಾಕಿದ್ರೆ ಪ್ಲೇಟಿನ ತುಂಬ ದನದ ಪ್ರೋಟೀನ್ ಕೂತುಕೊಳ್ತದೆ, ನಿಮ್ಮ ಅಲರ್ಜನ್‌ಗೆ ಜಾಗ ಎಲ್ಲಿ?

"ಮಳೆಗಾಲದಲ್ಲಿ ಕರೆಂಟ್ ಹೋಗ್ತಾ ಇರ್ತದೆ, ಪ್ರೋಟೀನ್ ಹಾಳಾಗ್ತದಾ?"

ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರಲ್ಲಿ ಈ ಚಿಂತೆ ಸಹಜ. ಮೈನಸ್ 80ರ ಫ್ರೀಜರ್ ಬಾಗಿಲು ತೆಗೆಯದೇ ಇದ್ರೆ ಕೆಲವು ಗಂಟೆ ತಡೀತದೆ. ಅದಕ್ಕಿಂತ ಹೆಚ್ಚು ಹಾಳು ಮಾಡುವುದು ನಾವೇ, ಒಂದೇ ಟ್ಯೂಬನ್ನ ಹತ್ತು ಸಲ ಕರಗಿಸಿ ಹತ್ತು ಸಲ ಗಟ್ಟಿ ಮಾಡುವುದು. ಬಂದ ದಿನವೇ ಸಣ್ಣ ಸಣ್ಣ ಪಾಲು ಮಾಡಿ, ಒಂದು ಪಾಲು ಒಂದೇ ಸಲಕ್ಕೆ. ಪುಡಿಯ ಶೀಶೆಯನ್ನ ತೆರೆಯುವ ಮುಂಚೆ ಒಂದು ಸುತ್ತು ತಿರುಗಿಸಿ ಕೆಳಗೆ ಕೂರಿಸಿ, ಮುಚ್ಚಳದಲ್ಲಿ ಅಂಟಿದ ಚಿಟಿಕೆ ಪುಡಿಯೇ ನಿಮ್ಮ ಇಡೀ ಪ್ರೋಟೀನ್ ಆಗಿರಬಹುದು. ಮತ್ತೆ ಬಾಗಿಲಿನ ಹತ್ತಿರದ ಕಪಾಟಲ್ಲಿ ಇಡಬೇಡಿ, ಅಷ್ಟೇ.

## ಕೆಲಸಕ್ಕೆ ಕೈಹಾಕಿದವರು ಕೇಳುವಂಥದ್ದು

"ಜೆಲ್ಲಿನಲ್ಲಿ ಒಂದೇ ಬ್ಯಾಂಡ್, 95 ಪರ್ಸೆಂಟ್ ಶುದ್ಧ ಅಂತ ಬರ್ದಿದ್ದಾರೆ. ಇನ್ನೆಂತ ಬೇಕು?"

ಇಲ್ಲೇ ನಾನು ಎಲ್ಲರ ಹತ್ತಿರ ಜಗಳ ಮಾಡುವುದು. ಒಂದೇ ಬ್ಯಾಂಡ್ ಅಂದ್ರೆ ಬೇರೆ ಪ್ರೋಟೀನ್ ಇಲ್ಲ ಅಂತ ಮಾತ್ರ, ಇರುವ ಪ್ರೋಟೀನ್ ಸರಿ ಉಂಟು ಅಂತ ಅಲ್ಲ. ಎಸ್‌ಡಿಎಸ್ (ಸೋಪಿನಂಥ ಮದ್ದು) ಜೆಲ್ಲಿಗೆ ಹಾಕುವಾಗ ನೀವೇ ಅದನ್ನ ಕುದಿಸಿ, ಬಿಚ್ಚಿ, ನೂಲು ಮಾಡಿ ಹಾಕ್ತೀರಿ, ಹಾಳಾದದ್ದೂ ಒಳ್ಳೆಯದೂ ಅಲ್ಲಿ ಒಂದೇ ಥರ ಓಡ್ತದೆ. ಸುಲಿದ ಚಾಲಿಯನ್ನ ತೂಕ ಮಾಡಿ ಒಳಗೆ ಹುಳ ಇಲ್ಲ ಅಂದ ಹಾಗೆ.

ಆಲ್ಟ್ ಎ 1 ಬಂದ್ರೆ ನಾನು ಮೊದಲು ಮಾಡುವುದು ಎರಡು ಲೇನ್, ಒಂದು ಸೇತುವೆ ಮುರಿಯುವ ಮದ್ದು ಹಾಕಿ, ಇನ್ನೊಂದು ಹಾಕದೆ. ಹಾಕದ್ದರಲ್ಲಿ 30ರ ಹತ್ತಿರ, ಹಾಕಿದ್ದರಲ್ಲಿ 15-16ರ ಹತ್ತಿರ ಬಂದ್ರೆ ಜೋಡಿ ಸರಿ ಉಂಟು. ಎರಡರಲ್ಲೂ 16 ಬಂದ್ರೆ ಅದು ಒಂಟಿ ತುಂಡು, ವಾಪಸ್. ಇದಕ್ಕೆ ಅರ್ಧ ದಿನ ಸಾಕು, ಆದ್ರೂ ಮಾಡುವವರು ಕಡಿಮೆ. ಅನುಕೂಲ ಇದ್ದವರು ಸಿಡಿ ಸ್ಪೆಕ್ಟ್ರಮ್ ತೆಗೆದು ಮಡಿಕೆ ನೋಡಿ, ಮಾಸ್ ಸ್ಪೆಕ್‌ನಲ್ಲಿ ಸರಿಯಾದ ತೂಕ ನೋಡಿ, ಎಂಜೈಮ್ ಆದ್ರೆ ಕೆಲಸ ಮಾಡ್ತದಾ ನೋಡಿ. ಆಸ್ಪ್ ಎಫ್ 6 ಅಂತ ಕಳಿಸಿದ್ದು ಡಿಸ್ಮ್ಯುಟೇಸ್ ಕೆಲಸ ಮಾಡದಿದ್ರೆ ಅದರ ಮಡಿಕೆ ಮೇಲೆ ನನಗೆ ನಂಬಿಕೆ ಇಲ್ಲ. ಕೊನೆಗೆ, ಅಲರ್ಜಿ ಇರುವುದು ಖಾತ್ರಿಯಾದವರ ಒಂದು ಸೀರಮ್ (ರಕ್ತದ ತಿಳಿ), ಇಲ್ಲದ್ದು ಖಾತ್ರಿಯಾದವರ ಒಂದು ಸೀರಮ್, ಇವೆರಡರಲ್ಲಿ ನೋಡದ ಬ್ಯಾಚನ್ನ ನಾನು ಕೆಲಸಕ್ಕೆ ತೆಗೊಳ್ಳುದಿಲ್ಲ.

"ಜೀವಕೋಶಕ್ಕೆ ಹಾಕಿದ ಕೂಡ್ಲೆ ಸೈಟೊಕೈನ್ ಏರಿತು, ಭಾರೀ ರಿಸಲ್ಟ್ ಅಲ್ವಾ?"

ಇದಕ್ಕೆ ನನ್ನದೇ ಕತೆ ಹೇಳ್ತೇನೆ. ಕಲಿಯುವ ಕಾಲದಲ್ಲಿ ನಾನೇ ಇ. ಕೋಲೈಯಲ್ಲಿ ಮಾಡಿದ ಒಂದು ಅಲರ್ಜನನ್ನ ರಕ್ತದ ಮಾನೊಸೈಟು ಅನ್ನುವ ಬಿಳಿಕಣಗಳಿಗೆ ಹಾಕಿದೆ, ಸೈಟೊಕೈನ್, ಅಂದ್ರೆ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸ್ಲಿಕ್ಕೆ ಬಿಡುವ ಪ್ರೋಟೀನ್, ಆಕಾಶಕ್ಕೆ ಏರಿತು. ಮೂರು ವಾರ ನೆಲದ ಮೇಲೆ ಕಾಲಿರಲಿಲ್ಲ, ಮನೆಗೆ ಫೋನ್ ಮಾಡಿ ಅಮ್ಮನ ಹತ್ತಿರವೂ ಹೇಳಿ ಆಯ್ತು. ಮತ್ತೆ ನಮ್ಮ ಸೀನಿಯರ್ ಒಬ್ಬರು "ಕುದಿಸಿ ಹಾಕಿ ನೋಡಿದ್ದೀಯಾ?" ಅಂತ ಕೇಳಿದ್ರು. ಪ್ರೋಟೀನನ್ನ 95 ಡಿಗ್ರಿಯಲ್ಲಿ ಬೇಯಿಸಿ ಹಾಕಿದೆ, ಅಷ್ಟೇ ಏರಿತು. ಅಂದ್ರೆ ಏರಿಸಿದ್ದು ಪ್ರೋಟೀನ್ ಅಲ್ಲ, ಇ. ಕೋಲೈಯ ಹೊರಪದರದ ಎಂಡೊಟಾಕ್ಸಿನ್, ಅದು ಬಿಸಿಗೆ ಜಗ್ಗುದಿಲ್ಲ.

ಲೆಕ್ಕ ನೋಡಿ. ಮೈಕ್ರೋಗ್ರಾಮಿಗೆ 1 ಯುನಿಟ್‌ಗಿಂತ ಕಡಿಮೆ ಎಂಡೊಟಾಕ್ಸಿನ್ ಅಂತ ಶೀಶೆಯಲ್ಲಿ ಬರೆದಿದ್ರೆ ಒಳ್ಳೇದೇ ಅನ್ನಿಸ್ತದೆ. ನೀವು ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಹಾಕಿದ್ರೆ 10 ಯುನಿಟ್ ವರೆಗೆ ಹೋಗಬಹುದು, ಅದು ಸುಮಾರು 1 ನ್ಯಾನೊಗ್ರಾಂ, ಮಾನೊಸೈಟಿಗೆ ಅಷ್ಟು ಧಾರಾಳ. ಎಲೈಸಾಕ್ಕೆ ತೊಂದರೆ ಇಲ್ಲ, ಕೋಶಕ್ಕೆ ತೊಂದರೆ. ಟ್ರೈಟಾನ್ ಎಕ್ಸ್-114 ಅನ್ನುವ ಸೋಪಿನಂಥದ್ದರಲ್ಲಿ ತೊಳೆಯಬಹುದು, ಎಲ್‌ಎಎಲ್ ಟೆಸ್ಟ್ ಮಾಡಿ ಅಳೆಯಬಹುದು, ಎಂಡೊಟಾಕ್ಸಿನ್ನನ್ನ ಹಿಡಿದಿಡುವ ಪಾಲಿಮಿಕ್ಸಿನ್ ಬಿ ಹಾಕಿದ ಕಂಟ್ರೋಲ್ ಇಡಬಹುದು, ಬೇಯಿಸಿದ ಕಂಟ್ರೋಲಂತೂ ಪುಕ್ಕಟೆ. ಆ ಪ್ರೋಟೀನಿನ ಉಳಿದ ಪಾಲುಗಳನ್ನ ನಾನು ಇನ್ನೂ ಬಿಸಾಡಿಲ್ಲ, ಹೊಸಬರಿಗೆ ತೋರಿಸ್ಲಿಕ್ಕೆ ಇಟ್ಟಿದ್ದೇನೆ.

"ಸಾರಕ್ಕೆ ಪಾಸಿಟಿವ್, ಐದು ರಿಕಾಂಬಿನೆಂಟಿಗೂ ನೆಗೆಟಿವ್. ಯಾವುದನ್ನ ನಂಬುವುದು?"

ಎರಡನ್ನೂ. ಒಂದು, ಬೂಷ್ಟಿನಲ್ಲಿ ಇನ್ನೂ ಎಷ್ಟೋ ಅಲರ್ಜನ್ ಉಂಟು, ನಿಮ್ಮ ರೋಗಿಯದ್ದು ಆ ಐದರಲ್ಲಿ ಇಲ್ಲದಿರಬಹುದು, ಉದಾಹರಣೆಗೆ ಸೀರೀನ್ ಪ್ರೋಟಿಯೇಸ್ ಆದ ಆಸ್ಪ್ ಎಫ್ 13. ಎರಡು, ಸಾರದಲ್ಲಿರುವ ಸಕ್ಕರೆಗೆ ಅಂಟುವ ಐಜಿಇ ಇರಬಹುದು, ಇ. ಕೋಲೈಯ ಪ್ರೋಟೀನಿನಲ್ಲಿ ಆ ಸಕ್ಕರೆ ಇಲ್ಲ. ಮೂರು, ಮೇಲೆ ಹೇಳಿದ ಮಡಿಕೆ.

ತಿರುಗಿ ಆಗುವುದೂ ಉಂಟು, ರಿಕಾಂಬಿನೆಂಟಿಗೆ ಪಾಸಿಟಿವ್ ಬರ್ತದೆ, ಅಲರ್ಜಿ ಎಬ್ಬಿಸಿದ ಬೂಷ್ಟು ಮಾತ್ರ ಬೇರೆ. ಎನೊಲೇಸ್, ಡಿಸ್ಮ್ಯುಟೇಸ್ ಇಂಥವು ಜೀವಿಯಿಂದ ಜೀವಿಗೆ ಹೆಚ್ಚು ಬದಲಾಗದ ಪ್ರೋಟೀನುಗಳು, ಆಲ್ಟರ್ನೇರಿಯಾದ ಎನೊಲೇಸಿಗೆ ಎದ್ದ ಐಜಿಇ ಕ್ಲಾಡೊಸ್ಪೋರಿಯಮ್ ಅನ್ನುವ ಬೇರೆ ಬೂಷ್ಟಿನದ್ದಕ್ಕೂ ಅಂಟ್ತದೆ. ಆಸ್ಪ್ ಎಫ್ 6ರದ್ದು ಇನ್ನೂ ವಿಚಿತ್ರ, ಮನುಷ್ಯನ ಸ್ವಂತ ಡಿಸ್ಮ್ಯುಟೇಸ್ ಅದರ ಜೊತೆ ಅರ್ಧದಷ್ಟು ಒಂದೇ, ಕೆಲವು ರೋಗಿಗಳ ಐಜಿಇ ತಮ್ಮದೇ ಪ್ರೋಟೀನಿಗೂ ಅಂಟ್ತದೆ. ಮೊದಲು ಯಾವುದಕ್ಕೆ ಎದ್ದದ್ದು ಅಂತ ನೋಡ್ಲಿಕ್ಕೆ ಇನ್‌ಹಿಬಿಷನ್ ಎಲೈಸಾ ಮಾಡ್ಬೇಕು, ಸೀರಮ್ಮಿಗೆ ಒಂದು ಪ್ರೋಟೀನ್ ಮೊದಲೇ ಸೇರಿಸಿ ಇನ್ನೊಂದಕ್ಕೆ ಅಂಟುವುದು ಎಷ್ಟು ಕಮ್ಮಿ ಆಯ್ತು ಅಂತ ಅಳೆಯುವುದು.

ಎಲ್ಲಾ ಸೀರಮ್ಮೂ ಪಾಸಿಟಿವ್ ಬಂದ್ರೆ ಖುಷಿ ಪಡಬೇಡಿ, ಅಂಟಿದ್ದು ಶುದ್ಧ ಮಾಡ್ಲಿಕ್ಕೆ ಅಂತ ಪ್ರೋಟೀನಿಗೆ ಸೇರಿಸುವ ಹಿಸ್ಟಿಡಿನ್ ಬಾಲಕ್ಕೂ ಇರಬಹುದು, ಅದೇ ಬಾಲ ಇರುವ ಸಂಬಂಧವೇ ಇಲ್ಲದ ಇನ್ನೊಂದು ಪ್ರೋಟೀನನ್ನ ಪಕ್ಕದ ಗುಂಡಿಯಲ್ಲಿ ಹಾಕಿ ನೋಡಿ.

"ಚಿಕ್ಕಮ್ಮನಿಗೆ ದಮ್ಮು ಉಂಟು, ಲ್ಯಾಬಲ್ಲಿ ಇರುವುದನ್ನೇ ಕೈಗೆ ಚುಚ್ಚಿ ನೋಡಿದ್ರೆ ಆಗ್ತದಾ?"

ಆಗುದಿಲ್ಲ. ಲ್ಯಾಬಿಗೆ ಮಾತ್ರ ಅಂತ ಬರೆದದ್ದನ್ನ ಮನುಷ್ಯರ ಮೈಗೆ ಹಾಕ್ಲಿಕ್ಕಿಲ್ಲ, ಜೋರು ರಿಯಾಕ್ಷನ್ ಬಂದ್ರೆ ಜೀವಕ್ಕೇ ಅಪಾಯ. ಚಿಕ್ಕಮ್ಮನನ್ನ ಎದೆರೋಗದ ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗಿ, ಆಸ್ಪರ್ಜಿಲಸ್ ಐಜಿಇ ರಕ್ತಪರೀಕ್ಷೆ ಬೇಕಾ ಅಂತ ಅವರೇ ಹೇಳ್ತಾರೆ.

"ನಮ್ಮ ಕಾಲೇಜಲ್ಲೇ ಮಾಡಿದ್ರೆ ಯಾರ ಪರ್ಮಿಷನ್ ಬೇಕು?"

ಜೀನ್ ತಿದ್ದಿದ ಜೀವಿಯ ಕೆಲಸ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗಿನ 1989ರ ನಿಯಮಗಳಿಗೆ ಬರ್ತದೆ. ಸಂಸ್ಥೆಯಲ್ಲಿ ಬಯೋಸೇಫ್ಟಿ ಕಮಿಟಿ ಇರಬೇಕು, ಎಂತ ಮಾಡ್ತೀರಿ ಅಂತ ಅಲ್ಲಿಗೆ ಬರೆದು ಕೊಡಬೇಕು. ಎನೊಲೇಸಿನಂಥದ್ದು ಸಲೀಸು, ಆಸ್ಪ್ ಎಫ್ 1ರ ಜೀನ್ ಅಂತ ಬರೆದ್ರೆ ವಿಷದ ಜೀನ್ ಆದ್ದರಿಂದ ನಾಲ್ಕು ಪ್ರಶ್ನೆ ಹೆಚ್ಚು ಕೇಳ್ತಾರೆ, ಕೇಳಲೇಬೇಕು. ರೋಗಿಗಳ ಸೀರಮ್ ಬೇಕಾದ್ರೆ ಎಥಿಕ್ಸ್ ಕಮಿಟಿ ಬೇರೆ, ಮತ್ತೆ ಒಪ್ಪಿಗೆ ಪತ್ರ ಸಹಿ ಹಾಕುವವರ ಭಾಷೆಯಲ್ಲಿ ಇರಬೇಕು. ಕಾಸರಗೋಡಲ್ಲಿ ಅದನ್ನ ಮಲಯಾಳದಲ್ಲಿ ಒಂದೇ ಪ್ರಿಂಟ್ ಹಾಕಿ ಬಿಡ್ತಾರೆ, ಕನ್ನಡದ್ದೂ ಹಾಕಿ, ಪೆರ್ಲ ಮುಳ್ಳೇರಿಯ ಕಡೆಯಿಂದ ಬರುವ ಅಜ್ಜಂದಿರು ಓದಿ ಸಹಿ ಹಾಕ್ಲಿ.